‘ಹೊಸದು ಬಂದಿದೆ’ ಎಂಬ ಪ್ರಕಟಣೆಯನ್ನು ಓದಿಸುವುದು ಹೇಗೆ? 9ನೇ ತರಗತಿಯಲ್ಲಿ ಮೂರು ಅವಧಿಗಳ ಪೂರಕ ಪಾಠ

ಪಾಠದ ಹಿನ್ನೆಲೆ

ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಶಾಲಾ ಇಂಟರ್ನ್‌ಶಿಪ್‌ಗಾಗಿ ನಾನಿದ್ದ ಶಹಾಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಚಾಲ್ತಿಯಲ್ಲಿರುವ ಕಂಪ್ಯೂಟರ್‌ಗಳು ಆರು. ಆರರಲ್ಲೂ ಇರುವುದು ವಿಂಡೋಸ್ 10. ಇವು ವಿಂಡೋಸ್ 11ಕ್ಕೆ ಏರುವುದಿಲ್ಲ, ಆದ್ದರಿಂದ ಗುಜರಿ ಪಟ್ಟಿಗೆ ಸೇರಿಸಬೇಕು ಎಂಬ ಮಾತು ಶಿಕ್ಷಕರ ಕೊಠಡಿಯಲ್ಲಿ ನಡೆದಿತ್ತು. ಅದು ಮಕ್ಕಳ ಕಿವಿಗೂ ಬಿದ್ದಿತ್ತು. ವಾರಕ್ಕೆ ಒಂದು ಅವಧಿ ಕಂಪ್ಯೂಟರ್ ಮುಟ್ಟುವ ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ. ಹಳೆಯವು ಹೋಗಿ ಹೊಸವು ಯಾವಾಗ ಬರುತ್ತವೆ ಎಂದು ಯಾರೂ ಹೇಳಲಾರರು.

ಯಂತ್ರ ಕೆಟ್ಟಿಲ್ಲ, ಆದರೂ ‘ಹಳೆಯದು’ ಎನಿಸಿಕೊಂಡಿದೆ. ಹಾಗೆ ಹೇಳಿದವರು ಯಾರು? ಯಾವ ಆಧಾರದ ಮೇಲೆ? ಈ ಪ್ರಶ್ನೆಯನ್ನೇ ಪಾಠ ಮಾಡಬಹುದು ಎಂದು ನನಗೆ ಅನ್ನಿಸಿತು. ಹೊಸ ಯಂತ್ರಾಂಶ, ಹೊಸ ಕಾರ್ಯಾಚರಣೆ ವ್ಯವಸ್ಥೆ ಬಂದಿದೆ ಎಂದು ಕಂಪನಿಗಳು ಪೈಪೋಟಿಯಿಂದ ಹೊರಡಿಸುವ ಪ್ರಕಟಣೆಗಳನ್ನು ವಿಜ್ಞಾನದ ವಿದ್ಯಾರ್ಥಿ ಹೇಗೆ ಓದಬೇಕು ಎಂಬುದೇ ಈ ಪಾಠದ ತಿರುಳು. ಅಳೆಯಬಹುದಾದ ಸಂಗತಿಯನ್ನೂ ಅಳೆಯಲಾಗದ ಮಾತನ್ನೂ ಬೇರ್ಪಡಿಸುವುದು ವಿಜ್ಞಾನ ಬೋಧನೆಯ ಮೂಲ ಉದ್ದೇಶಗಳಲ್ಲಿ ಒಂದಾದ್ದರಿಂದ ಇದನ್ನು ಪಠ್ಯದ ಹೊರಗಿನ ವಿಷಯ ಎಂದು ಬದಿಗಿಡುವ ಅಗತ್ಯವಿಲ್ಲ.

ಪಾಠದ ವಿವರ

ತರಗತಿ: 9. ಅವಧಿ: 40 ನಿಮಿಷಗಳ ಮೂರು ಅವಧಿಗಳು. ವಿಧಾನ: ಗುಂಪು ಚಟುವಟಿಕೆ, ಚರ್ಚೆ, ಪ್ರಾಯೋಗಿಕ ಪರಿಶೀಲನೆ.

ಪೂರ್ವಜ್ಞಾನ: ಯಂತ್ರಾಂಶ ಮತ್ತು ತಂತ್ರಾಂಶಗಳ ವ್ಯತ್ಯಾಸ, ಮೊಬೈಲ್ ಬಳಕೆಯ ಅನುಭವ, ಬಿತ್ತನೆ ಬೀಜದ ಪಾಕೀಟು ನೋಡಿರುವುದು.

ಕಲಿಕಾ ಉದ್ದೇಶಗಳು:
1. ಕಾರ್ಯಾಚರಣೆ ವ್ಯವಸ್ಥೆಯ ಕೆಲಸವನ್ನು ಸ್ವಂತ ಮಾತಿನಲ್ಲಿ ವಿವರಿಸುವುದು.
2. ಒಂದು ಪ್ರಕಟಣೆಯಲ್ಲಿನ ವಾಕ್ಯಗಳನ್ನು ಸಂಗತಿ, ಹೋಲಿಕೆ, ಭರವಸೆ, ಷರತ್ತು ಎಂದು ವಿಂಗಡಿಸುವುದು.
3. ‘ಕೆಟ್ಟ ಯಂತ್ರ’ ಮತ್ತು ‘ಬೆಂಬಲ ಮುಗಿದ ಯಂತ್ರ’ ಇವುಗಳ ವ್ಯತ್ಯಾಸ ಗುರುತಿಸುವುದು.
4. ಶಾಲೆಯ ಒಂದು ಕಂಪ್ಯೂಟರನ್ನು ಪರೀಕ್ಷಿಸಿ ಅದನ್ನು ಯಾವ ಕೆಲಸಕ್ಕೆ ಬಳಸಬಹುದೆಂದು ಕಾರಣ ಸಹಿತ ಬರೆಯುವುದು.

ಬೋಧನೋಪಕರಣಗಳು: ಖಾಲಿ ಬೀಜದ ಪಾಕೀಟುಗಳು, ಪ್ರಕಟಣೆಗಳ ಸಾರಾಂಶದ ಚೀಟಿಗಳು, ಶಾಲೆಯ ಕಂಪ್ಯೂಟರ್‌ಗಳು, ಲುಬುಂಟು ತುಂಬಿದ ಒಂದು ಪೆನ್‌ಡ್ರೈವ್.

ಶಿಕ್ಷಕರು ತಿಳಿದಿರಬೇಕಾದ ವಿಷಯ

ಪ್ರಕಟಣೆಯ ಪೈಪೋಟಿ ಇಂದಿನದಲ್ಲ. ಮೈಕ್ರೋಸಾಫ್ಟ್ ತನ್ನ ಮೊದಲ ವಿಂಡೋಸನ್ನು 1983ರ ನವೆಂಬರ್ 10ರಂದು ಪ್ರಕಟಿಸಿತು. ಎರಡೂವರೆ ತಿಂಗಳ ಬಳಿಕ, 1984ರ ಜನವರಿ 24ರಂದು, ಆಪಲ್ ಕಂಪನಿಯ ಮ್ಯಾಕಿಂಟೋಷ್ ಬಿಡುಗಡೆಯಾಯಿತು. ವಿಂಡೋಸ್ ಮಾರುಕಟ್ಟೆಗೆ ಬಂದದ್ದು 1985ರ ನವೆಂಬರ್ 20ರಂದು. ಎಂದರೆ ಪ್ರಕಟಣೆಗೂ ವಸ್ತುವಿಗೂ ನಡುವೆ ಎರಡು ವರ್ಷಗಳ ಅಂತರ. ಮೊದಲೇ ಪ್ರಕಟಿಸಿದರೆ ಕೊಳ್ಳುವವರಲ್ಲಿ ಕೆಲವರು ಎದುರಾಳಿಯ ವಸ್ತು ಕೊಳ್ಳದೆ ಕಾಯುತ್ತಾರೆ. ಹೀಗೆ ಪ್ರಕಟಣೆ ಎಂಬುದು ಸುದ್ದಿಯೂ ಹೌದು, ವ್ಯಾಪಾರದ ನಡೆಯೂ ಹೌದು.

ಇತ್ತೀಚಿನ ಉದಾಹರಣೆಗಳಲ್ಲಿ ಯಂತ್ರಾಂಶ ಹಾಗೂ ಕಾರ್ಯಾಚರಣೆ ವ್ಯವಸ್ಥೆ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ. ಇಂಟೆಲ್ ಸಂಸ್ಕಾರಕಗಳನ್ನು ಬಿಟ್ಟು ತನ್ನದೇ ಚಿಪ್‌ಗಳಿಗೆ ಹೋಗುವುದಾಗಿ ಆಪಲ್ 2020ರ ಜೂನ್ 22ರಂದು ಹೇಳಿತು. ಎಂ1 ಚಿಪ್ಪಿನ ಮೊದಲ ಮ್ಯಾಕ್‌ಗಳನ್ನು ಅದೇ ವರ್ಷದ ನವೆಂಬರ್ 10ರಂದು ತೋರಿಸಿತು. ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಿಗೆ ಮ್ಯಾಕ್‌ಒಎಸ್ ಟಾಹೋ ಕೊನೆಯ ಆವೃತ್ತಿ ಎಂದು 2025ರ ಜೂನ್‌ನಲ್ಲಿ ತಿಳಿಸಿತು. ಅತ್ತ ಮೈಕ್ರೋಸಾಫ್ಟ್ 2024ರ ಮೇ 20ರಂದು ‘ಕೋಪೈಲಟ್ ಪ್ಲಸ್ ಪಿಸಿ’ ಎಂಬ ಹೊಸ ವರ್ಗವನ್ನು ಪ್ರಕಟಿಸಿತು. ಅದಕ್ಕೆ 16 ಜಿಬಿ ರ‍್ಯಾಮ್ ಬೇಕು. ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗಾಗಿಯೇ ಇರುವ, ಸೆಕೆಂಡಿಗೆ 40 ಲಕ್ಷ ಕೋಟಿಗೂ ಹೆಚ್ಚು ಗಣನೆ ಮಾಡಬಲ್ಲ ಪ್ರತ್ಯೇಕ ಘಟಕವೂ ಬೇಕು. ಅಂದಿನ ವೇದಿಕೆಯಲ್ಲಿ ಹೋಲಿಕೆ ನಡೆದದ್ದು ಆಪಲ್‌ನ ಮ್ಯಾಕ್‌ಬುಕ್ ಏರ್ ಜೊತೆ. ಅದೇ ಸಮಾರಂಭದಲ್ಲಿ ಹೆಸರು ಮಾಡಿದ ‘ರೀಕಾಲ್’ ಎಂಬ ಸೌಲಭ್ಯವನ್ನು ಭದ್ರತೆಯ ಟೀಕೆಗಳ ನಂತರ ಜೂನ್‌ನಲ್ಲಿ ತಡೆಹಿಡಿಯಲಾಯಿತು. ಅದು ಎಲ್ಲರಿಗೂ ಸಿಗತೊಡಗಿದ್ದು 2025ರ ಏಪ್ರಿಲ್‌ನಲ್ಲಿ. ಭರವಸೆಯ ಕಾಲಂಗೆ ಇದು ಒಳ್ಳೆಯ ಉದಾಹರಣೆ.

ನಮ್ಮ ಶಾಲೆಗಳಿಗೆ ನೇರವಾಗಿ ತಟ್ಟಿದ್ದು ವಿಂಡೋಸ್ 11. ಇದರ ಪ್ರಕಟಣೆ 2021ರ ಜೂನ್ 24ರಂದು, ಬಿಡುಗಡೆ ಅಕ್ಟೋಬರ್ 5ರಂದು. ಕನಿಷ್ಠ ಅಗತ್ಯಗಳೆಂದು ಹೇಳಿದ್ದು: 64 ಬಿಟ್‌ನ, ಎರಡು ಕೋರ್‌ಗಳ, 1 ಗಿಗಾಹರ್ಟ್ಸ್ ಸಂಸ್ಕಾರಕ, 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಸುರಕ್ಷಿತ ಬೂಟ್ ಸಾಮರ್ಥ್ಯ, ಟಿಪಿಎಂ 2.0 ಎಂಬ ಭದ್ರತಾ ಘಟಕ. ಇದರ ಜೊತೆಗೆ ಒಪ್ಪಿಗೆ ಪಡೆದ ಸಂಸ್ಕಾರಕಗಳ ಪಟ್ಟಿಯೊಂದಿದೆ. ಇಂಟೆಲ್‌ನಲ್ಲಿ ಬಹುಮಟ್ಟಿಗೆ 8ನೇ ಪೀಳಿಗೆಯಿಂದ ಈಚಿನವು ಮಾತ್ರ ಅದರಲ್ಲಿವೆ. ಗುಪ್ತ ಕೀಲಿಗಳನ್ನು ಮುಖ್ಯ ತಂತ್ರಾಂಶದ ಕೈಗೆ ಸಿಗದಂತೆ ಇಡುವುದು ಟಿಪಿಎಂನ ಕೆಲಸ. ಆದ್ದರಿಂದ ಈ ಷರತ್ತಿಗೆ ಭದ್ರತೆಯ ಕಾರಣ ಇದೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಕಂಪನಿ ಮೋಸ ಮಾಡಿತು ಎಂಬ ತೀರ್ಪನ್ನು ಶಿಕ್ಷಕರು ಕೊಡಬಾರದು. ಷರತ್ತು ಯಾರಿಗೆ ಎಷ್ಟು ಭಾರ ಎಂಬುದನ್ನು ಮಕ್ಕಳೇ ಅಳೆಯಲಿ.

ನಮ್ಮ ರಾಜ್ಯದಲ್ಲೂ ಇಂಥ ಪ್ರಕಟಣೆಗಳಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ರೂಪಿಸಿದ ಸಿಂಪ್ಯೂಟರ್‌ನ ಮೊದಲ ಮಾದರಿ 2001ರ ಏಪ್ರಿಲ್‌ನಲ್ಲಿ ಹೊರಬಂತು. ಅಂಗೈಯಲ್ಲಿ ಹಿಡಿಯುವ, ಲಿನಕ್ಸ್ ಮೇಲೆ ನಡೆಯುವ, ಕನ್ನಡದಂಥ ಭಾಷೆಗಳಲ್ಲೂ ಬಳಸಬಹುದಾದ ಸಾಧನ ಅದು. ಊರಿಗೆ ಒಂದೇ ಯಂತ್ರ ಇದ್ದರೂ ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಲಿ ಎಂಬುದು ಅದರ ಹಿಂದಿನ ಯೋಚನೆ. 2004ರ ಮಾರ್ಚ್‌ನಲ್ಲಿ ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ನಿರೀಕ್ಷಿಸಿದಷ್ಟು ಮಾರಾಟ ಆಗಲಿಲ್ಲ. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ರಾಜ್ಯ ಸರ್ಕಾರ ‘ಕಿಯೋ’ ಎಂಬ ಪುಟ್ಟ ಕಂಪ್ಯೂಟರನ್ನು ಪರಿಚಯಿಸಿತು. ಬೆಲೆ 18,999 ರೂಪಾಯಿ. ಕಾರ್ಯಾಚರಣೆ ವ್ಯವಸ್ಥೆ ಲಿನಕ್ಸ್ ಆಧಾರಿತ. ಸಂಸ್ಕಾರಕ ರಿಸ್ಕ್‌-ಫೈವ್ ಎಂಬ ಮುಕ್ತ ವಿನ್ಯಾಸದ್ದು. ಡಿಎಸ್‌ಇಆರ್‌ಟಿ ಪಠ್ಯದ ಮೇಲೆ ತರಬೇತಿ ಪಡೆದ ‘ಬುದ್ಧ್’ ಎಂಬ ಕೃತಕ ಬುದ್ಧಿಮತ್ತೆಯ ಸಹಾಯಕವೂ ಅದರಲ್ಲಿದೆ ಎಂದು ಪ್ರಕಟಿಸಲಾಯಿತು.

‘ಮುಕ್ತ ವಿನ್ಯಾಸ’ ಎಂದರೇನು ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರತಿ ಸಂಸ್ಕಾರಕಕ್ಕೂ ಅರ್ಥವಾಗುವ ಆದೇಶಗಳ ಒಂದು ಗುಂಪು ಇರುತ್ತದೆ. ಅದನ್ನು ಯಂತ್ರದ ಭಾಷೆ ಎನ್ನಬಹುದು. ಇಂಟೆಲ್ ಚಿಪ್ಪಿನದು ಒಂದು ಭಾಷೆ, ಆಪಲ್ ಈಗ ಬಳಸುವ ಆರ್ಮ್ ಇನ್ನೊಂದು, ರಿಸ್ಕ್‌-ಫೈವ್ ಮತ್ತೊಂದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಆರಂಭವಾದ ರಿಸ್ಕ್‌-ಫೈವನ್ನು ಯಾರು ಬೇಕಾದರೂ ಪರವಾನಗಿ ಶುಲ್ಕವಿಲ್ಲದೆ ಬಳಸಿ ಚಿಪ್ ವಿನ್ಯಾಸ ಮಾಡಬಹುದು. ಯಾದಗಿರಿಯ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳುವ ನಮ್ಮ ಮಕ್ಕಳಿಗೆ ಈ ಹೋಲಿಕೆ ಬೇಗ ಹಿಡಿಸುತ್ತದೆ. ಒಂದು ಭಾಷೆಯಲ್ಲಿ ಬರೆದ ಚೀಟಿಯನ್ನು ಇನ್ನೊಂದು ಭಾಷೆಯವರಿಗೆ ಕೊಟ್ಟರೆ ನಡುವೆ ದುಭಾಷಿ ಬೇಕು. ಇಂಟೆಲ್‌ಗಾಗಿ ಬರೆದ ತಂತ್ರಾಂಶ ಎಂ1ರಲ್ಲಿ ನಡೆಯಲಿ ಎಂದು ಆಪಲ್ ಕೊಟ್ಟ ‘ರೊಸೆಟ್ಟಾ 2’ ಅಂಥ ದುಭಾಷಿ.

ಮೊದಲ ಅವಧಿ: ಬೀಜದ ಪಾಕೀಟಿನಿಂದ ಪ್ರಕಟಣೆಗೆ

ಕಂಪ್ಯೂಟರ್ ಮಾತನ್ನು ನಾನು ಮೊದಲ ಹದಿನೈದು ನಿಮಿಷ ಎತ್ತಲೇ ಇಲ್ಲ. ಹಿಂದಿನ ದಿನವೇ ಮನೆಯಿಂದ ಹತ್ತಿ, ತೊಗರಿ ಬೀಜದ ಖಾಲಿ ಪಾಕೀಟುಗಳನ್ನು ತರಲು ಹೇಳಿದ್ದೆ. ಆರು ಗುಂಪುಗಳಿಗೆ ಒಂದೊಂದು ಪಾಕೀಟು. ಪ್ರಶ್ನೆ ಒಂದೇ: ‘ಇದರ ಮೇಲಿರುವ ಯಾವ ಮಾತನ್ನು ನೀವು ಪರೀಕ್ಷೆ ಮಾಡಿ ನೋಡಬಹುದು?’

ಮುಂಗಾರಿನ ಮೊದಲು ಬೀಜದ ಕಂಪನಿಗಳ ಭಿತ್ತಿಪತ್ರ ಅಂಟದ ಗೋಡೆ ನಮ್ಮ ಕಡೆ ಕಡಿಮೆ. ಹಾಗಾಗಿ ಉತ್ತರಕ್ಕೆ ಕಾಯಬೇಕಾಗಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು, ‘ನಮ್ಮಪ್ಪ ಮುಂದಿನ ಚಿತ್ರ ನೋಡಂಗಿಲ್ರಿ ಸರ್, ಹಿಂದಿನ ತಾರೀಕ್ ನೋಡ್ತಾನ್ರಿ’ ಎಂದ. ಇನ್ನೊಬ್ಬಳು, ‘ನೂರು ಬೀಜ ಹಾಕಿದ್ರ ಎಷ್ಟು ಹುಟ್ತಾವ ಅಂತ ಬರದಾರ್ರಿ, ಅದನ್ನ ಎಣಸಬಹುದ್ರಿ’ ಎಂದಳು. ಬೀಜ ಕಾಯ್ದೆಯಂತೆ ಪಾಕೀಟಿನ ಮೇಲೆ ಮೊಳಕೆ ಪ್ರಮಾಣ ಮತ್ತು ಶುದ್ಧತೆಯನ್ನು ನಮೂದಿಸಬೇಕು. ಅದು ಸಂಗತಿ. ‘ಬೇರೆ ತಳಿಗಿಂತ ಹೆಚ್ಚು ಇಳುವರಿ’ ಎಂಬುದು ಹೋಲಿಕೆ. ‘ರೈತನ ಬಾಳು ಬಂಗಾರ’ ಎಂಬ ಧಾಟಿಯ ಮಾತು ಭರವಸೆ. ‘ನೀರಾವರಿ ಭೂಮಿಗೆ ಸೂಕ್ತ’ ಎಂಬುದು ಷರತ್ತು. ಕೃಷ್ಣಾ ಕಾಲುವೆಯ ನೀರಿರುವ ಮನೆಯ ಮಕ್ಕಳು ಮತ್ತು ಮಳೆ ನಂಬಿದ ಎರೆ ಭೂಮಿಯ ಮಕ್ಕಳು ಒಂದೇ ತರಗತಿಯಲ್ಲಿದ್ದುದರಿಂದ ಷರತ್ತಿನ ಅರ್ಥವನ್ನು ಅವರೇ ಒಬ್ಬರಿಗೊಬ್ಬರು ವಿವರಿಸಿದರು. ಬೀಜ ಒಳ್ಳೆಯದೇ ಇರಬಹುದು, ಆದರೆ ನಮ್ಮ ಹೊಲಕ್ಕೆ ಅಲ್ಲ ಎಂಬ ವಿಚಾರ ಹೀಗೆ ಮೂಡಿತು.

ಕಪ್ಪುಹಲಗೆಯ ಮೇಲೆ ನಾಲ್ಕು ಕಾಲಂ ಎಳೆದು ಅವಧಿ ಮುಗಿಸಿದೆ.

ಎರಡನೇ ಅವಧಿ: ನಾಲ್ಕು ಕಾಲಂಗಳಲ್ಲಿ ಪ್ರಕಟಣೆ

ಮೇಲೆ ಹೇಳಿದ ಪ್ರಕಟಣೆಗಳ ಸಾರವನ್ನು ಸರಳ ಕನ್ನಡದಲ್ಲಿ ಐದಾರು ವಾಕ್ಯಗಳ ಚೀಟಿಗಳಾಗಿ ಬರೆದು ತಂದಿದ್ದೆ. ವಿಂಡೋಸ್ 1, ಎಂ1, ವಿಂಡೋಸ್ 11, ಕೋಪೈಲಟ್ ಪ್ಲಸ್, ಸಿಂಪ್ಯೂಟರ್, ಕಿಯೋ, ಹೀಗೆ ಗುಂಪಿಗೆ ಒಂದು. ಪ್ರತಿ ವಾಕ್ಯವನ್ನೂ ಒಂದು ಕಾಲಂಗೆ ಹಾಕಬೇಕು, ಏಕೆ ಎಂದು ಹೇಳಬೇಕು.

ಹೆಚ್ಚು ವಾದ ನಡೆದದ್ದು ಹೋಲಿಕೆಯ ಕಾಲಂನಲ್ಲಿ. ‘ಎದುರಾಳಿಗಿಂತ ವೇಗ’ ಎಂಬುದನ್ನು ಕೆಲವರು ಸಂಗತಿಗೆ ಹಾಕಿದರು, ಏಕೆಂದರೆ ವೇಗವನ್ನು ಅಳೆಯಬಹುದು. ಆಗ ನಾನು ಕೇಳಿದ ಮರುಪ್ರಶ್ನೆಗಳು ಮೂರು: ಯಾವ ಕೆಲಸದಲ್ಲಿ ವೇಗ? ಯಾವ ಮಾದರಿಗಿಂತ? ಅಳೆದವರು ಯಾರು? ಮೂರಕ್ಕೂ ಉತ್ತರ ಇದ್ದರೆ ಸಂಗತಿ, ಇಲ್ಲದಿದ್ದರೆ ಬರೀ ಹೋಲಿಕೆ ಎಂದು ತರಗತಿಯೇ ನಿಯಮ ಮಾಡಿಕೊಂಡಿತು. ಭೌತಶಾಸ್ತ್ರದಲ್ಲಿ ಜವವನ್ನು ಹೇಳುವಾಗ ಯಾವುದಕ್ಕೆ ಸಾಪೇಕ್ಷವಾಗಿ ಎಂದು ಕೇಳುತ್ತೇವಲ್ಲ, ಅದನ್ನು ಇಲ್ಲಿ ನೆನಪಿಸಬಹುದು.

ಕಿಯೋ ಚೀಟಿ ಪಡೆದ ಗುಂಪು ಬೆಲೆಯನ್ನು ಸಂಗತಿಗೆ ಹಾಕಿತು. ಆಮೇಲೆ ಅದೇ ಗುಂಪಿನ ಹುಡುಗಿ, ‘ಡಬ್ಬಿಗಿ ಅಷ್ಟು ರೊಕ್ಕ, ನೋಡ್ಲಿಕ್ಕಿ ಪರದಿ ಬ್ಯಾರೆ ಬೇಕಲ್ರಿ?’ ಎಂದು ಕೇಳಿದಳು. ಪರದೆಗೆ ಜೋಡಿಸಲು ಎಚ್‌ಡಿಎಂಐ ಕಿಂಡಿ ಇದೆ ಎಂಬ ವಾಕ್ಯ ಚೀಟಿಯಲ್ಲಿತ್ತು, ಪರದೆ ಇದೆ ಎಂಬ ವಾಕ್ಯ ಇರಲಿಲ್ಲ. ಬರೆದಿಲ್ಲದ್ದನ್ನು ಓದುವ ಈ ಗುಣವನ್ನು ಇಡೀ ತರಗತಿಯ ಗಮನಕ್ಕೆ ತಂದೆ. ಸರ್ಕಾರದ ಪ್ರಕಟಣೆಯಾಗಲಿ ಖಾಸಗಿ ಕಂಪನಿಯದಾಗಲಿ, ಅದೇ ನಾಲ್ಕು ಕಾಲಂಗಳು ಅನ್ವಯಿಸುತ್ತವೆ. ನಮ್ಮ ರಾಜ್ಯದ್ದು ಎಂಬ ಹೆಮ್ಮೆಗೂ ಪರೀಕ್ಷೆಗೂ ವಿರೋಧವಿಲ್ಲ.

ಇದೇ ಅವಧಿಯ ಕೊನೆಗೆ ‘ಬೆಂಬಲ ಮುಗಿಯುವುದು’ ಎಂದರೇನು ಎಂದು ಚರ್ಚಿಸಿದೆವು. ಅಕ್ಟೋಬರ್ 14ರ ನಂತರ ಯಂತ್ರ ಆನ್ ಆಗುವುದೇ ಇಲ್ಲ ಎಂದು ಬಹಳ ಮಕ್ಕಳು ತಿಳಿದಿದ್ದರು. ಆದರೆ ಶಾಲೆಯ ಯಂತ್ರಗಳು ಅಂದೂ ಆನ್ ಆಗುತ್ತಿದ್ದವು. ಹಾಗಾದರೆ ಏನು ನಿಂತಿತು? ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳನ್ನು ಸರಿಪಡಿಸುವ ಮಾಸಿಕ ಪರಿಷ್ಕರಣೆ ನಿಂತಿತು. ನೋಂದಾಯಿಸಿಕೊಂಡ ಸಾಮಾನ್ಯ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆ ಸಿಗುವ ವಿಸ್ತರಿತ ಯೋಜನೆ ಇದೆ ಎಂದೂ ತಿಳಿಸಿದೆ. ಒಬ್ಬ ಹುಡುಗ ಇದನ್ನು ತನ್ನ ಮಾತಿಗೆ ತಂದುಕೊಂಡ: ‘ಗಾಡಿ ಚಲೋ ಓಡ್ತದ, ಇನ್ಶೂರೆನ್ಸ್ ಮುಗದದ, ಹಂಗೇನ್ರಿ ಸರ್?’ ಹೋಲಿಕೆ ಪೂರ್ತಿ ಸರಿಹೊಂದದಿದ್ದರೂ ಮುಂದಿನ ಪ್ರಶ್ನೆಗೆ ದಾರಿಯಾಯಿತು. ಇನ್ಶೂರೆನ್ಸ್ ಇಲ್ಲದ ಗಾಡಿಯನ್ನು ಹೊಲದೊಳಗೆ ಓಡಿಸುವುದಕ್ಕೂ ಹೆದ್ದಾರಿಗೆ ಒಯ್ಯುವುದಕ್ಕೂ ವ್ಯತ್ಯಾಸ ಇದೆಯಲ್ಲ? ಅಂತರ್ಜಾಲಕ್ಕೆ ಜೋಡಿಸದ ಯಂತ್ರದಲ್ಲಿ ಚಿತ್ರ ಬಿಡಿಸುವುದು ಒಂದು, ಅದೇ ಯಂತ್ರದಲ್ಲಿ ವಿದ್ಯಾರ್ಥಿವೇತನದ ಅರ್ಜಿಗೆ ಆಧಾರ್, ಬ್ಯಾಂಕ್ ವಿವರ ತುಂಬುವುದು ಇನ್ನೊಂದು.

ಮೂರನೇ ಅವಧಿ: ಶಾಲೆಯ ಯಂತ್ರದ ಪರೀಕ್ಷೆ

ಮುಖ್ಯ ಶಿಕ್ಷಕರ ಅನುಮತಿ ಪಡೆದು ಆರು ಗುಂಪುಗಳಿಗೆ ಆರು ಯಂತ್ರ ಕೊಟ್ಟೆ. ಸಿಸ್ಟಂ ಮಾಹಿತಿ ತೋರಿಸುವ ಕಿಟಕಿ ತೆರೆದು ಸಂಸ್ಕಾರಕದ ಹೆಸರು, ರ‍್ಯಾಮ್, ಡಿಸ್ಕ್ ಗಾತ್ರ, ಬೂಟ್ ವಿಧಾನ ಬರೆದುಕೊಳ್ಳಬೇಕು. ಟಿಪಿಎಂ ಇದೆಯೇ ಎಂದು ಪ್ರತ್ಯೇಕ ಆದೇಶ ಕೊಟ್ಟು ನೋಡಬೇಕು. ನಂತರ ವಿಂಡೋಸ್ 11ರ ಅಗತ್ಯಗಳ ಪಕ್ಕದಲ್ಲಿ ಸರಿ ಅಥವಾ ತಪ್ಪು ಗುರುತು ಹಾಕಬೇಕು.

ಫಲಿತಾಂಶ ಎಲ್ಲ ಗುಂಪುಗಳಲ್ಲೂ ಒಂದೇ. 4ನೇ ಪೀಳಿಗೆಯ ಐ3 ಸಂಸ್ಕಾರಕ, 4 ಜಿಬಿ ರ‍್ಯಾಮ್, 500 ಜಿಬಿ ಡಿಸ್ಕ್. ವೇಗ, ಕೋರ್, ರ‍್ಯಾಮ್, ಸಂಗ್ರಹ ಇವೆಲ್ಲ ಸರಿ. ಟಿಪಿಎಂ ಇಲ್ಲ, ಬೂಟ್ ವಿಧಾನ ಹಳೆಯದು, ಸಂಸ್ಕಾರಕದ ಹೆಸರು ಪಟ್ಟಿಯಲ್ಲಿಲ್ಲ. ‘ಕಂಪ್ಯೂಟರ್ ಹಳೆಯದು’ ಎಂಬ ಒಂದು ವಾಕ್ಯವು ಮಕ್ಕಳ ಹಾಳೆಯಲ್ಲಿ ಏಳು ಸಾಲಾಗಿ ಬಿಡಿಸಿಕೊಂಡಿತು. ಅದರಲ್ಲಿ ನಾಲ್ಕು ಸಾಲು ಸರಿ, ಮೂರು ತಪ್ಪು. ಈ ಹಾಳೆಯೇ ಪಾಠದ ಮುಖ್ಯ ಫಲ.

ಮುಂದಿನ ಹಂತ ಒಂದು ಯಂತ್ರದಲ್ಲಿ ಮಾತ್ರ. ಪೆನ್‌ಡ್ರೈವ್‌ನಿಂದ ಲುಬುಂಟು ನಡೆಸಿದೆವು. ಹಗುರವಾದ ಲಿನಕ್ಸ್ ವ್ಯವಸ್ಥೆ ಇದು. ಡಿಸ್ಕಿಗೆ ಏನನ್ನೂ ಬರೆಯದೆ ಪೆನ್‌ಡ್ರೈವ್‌ನಿಂದಲೇ ಪ್ರಯೋಗ ಮಾಡಿ ನೋಡಬಹುದು, ತೆಗೆದರೆ ಯಂತ್ರ ಮೊದಲಿನಂತೆಯೇ. ಕೀಲಿಮಣೆಯ ಆಯ್ಕೆಗಳಲ್ಲಿ ಕನ್ನಡದ ಕಗಪ ವಿನ್ಯಾಸ ಸಿಕ್ಕಿದಾಗ ಮಕ್ಕಳು ಸರದಿಯಲ್ಲಿ ತಮ್ಮ ಹೆಸರು, ಊರಿನ ಹೆಸರು ಟೈಪು ಮಾಡಿದರು. ಒಂದೇ ಯಂತ್ರಾಂಶ, ಎರಡು ಕಾರ್ಯಾಚರಣೆ ವ್ಯವಸ್ಥೆ ಎಂಬುದನ್ನು ವಿವರಿಸಲು ನನಗೆ ಬೇರೆ ಚಿತ್ರಪಟ ಬೇಕಾಗಲಿಲ್ಲ.

ಇಲ್ಲಿ ಒಂದು ತೊಡಕನ್ನೂ ತೋರಿಸಿದೆ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪಾದ ಶಾಲೆಯ ಹಿಂದಿನ ಪ್ರಶ್ನೆಪತ್ರಿಕೆಯೊಂದನ್ನು ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಂಡವು. ಹಳೆಯ ಸಂಕೇತ ಪದ್ಧತಿಯಲ್ಲಿ ಕನ್ನಡ ಅಕ್ಷರಗಳು ಬೇರೆ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ, ಆ ಅಕ್ಷರಶೈಲಿ ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದು ತಿಳಿಯುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪಾದ ಪಾಠ ಯೋಜನೆ ಮಾತ್ರ ಸರಿಯಾಗಿ ತೆರೆಯಿತು. ವ್ಯವಸ್ಥೆ ಬದಲಿಸುವುದೆಂದರೆ ಖರ್ಚಿಲ್ಲದ ಮಂತ್ರವಲ್ಲ. ಕಡತಗಳ ಪರಿವರ್ತನೆ, ಶಿಕ್ಷಕರ ರೂಢಿ, ಪ್ರಿಂಟರ್ ಹೊಂದಾಣಿಕೆ ಎಲ್ಲವೂ ಲೆಕ್ಕಕ್ಕೆ ಬರಬೇಕು. ಆದರೆ ಅದು ಆಗದ ಕೆಲಸವೂ ಅಲ್ಲ. ಕೇರಳದ ಶಾಲೆಗಳು ಕೈಟ್ ಸಂಸ್ಥೆಯ ಮೂಲಕ ಮುಕ್ತ ತಂತ್ರಾಂಶವನ್ನೇ ಬಳಸುತ್ತಿವೆ. ನಮ್ಮಲ್ಲೂ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆಯ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟು, ಜಿಯೋಜೀಬ್ರಾ ಕಲಿತಿದ್ದಾರೆ.

ಮೌಲ್ಯಮಾಪನ

ಬರಹದ ಪ್ರಶ್ನೆಗಳು:
1. ‘ಈ ಹೊಸ ಲ್ಯಾಪ್‌ಟಾಪ್ ಹಳೆಯದಕ್ಕಿಂತ ಎರಡು ಪಟ್ಟು ವೇಗ.’ ಇದನ್ನು ಸಂಗತಿ ಎಂದು ಒಪ್ಪಲು ನಿಮಗೆ ಇನ್ನೂ ಯಾವ ಮಾಹಿತಿ ಬೇಕು?
2. ಬೆಂಬಲ ಮುಗಿದ ಕಂಪ್ಯೂಟರ್‌ನಲ್ಲಿ ಮಾಡಬಹುದಾದ ಎರಡು ಮತ್ತು ಮಾಡಬಾರದ ಎರಡು ಕೆಲಸಗಳನ್ನು ಕಾರಣದೊಂದಿಗೆ ಬರೆಯಿರಿ.
3. ನಿಮ್ಮ ಗುಂಪಿನ ಹಾಳೆಯನ್ನು ಆಧರಿಸಿ ಮುಖ್ಯ ಶಿಕ್ಷಕರಿಗೆ ಒಂದು ಪತ್ರ ಬರೆಯಿರಿ.

ಮೊದಲ ಪ್ರಶ್ನೆಗೆ ಬಹುಪಾಲು ಮಕ್ಕಳು ‘ಯಾವ ಕೆಲಸದಲ್ಲಿ’ ಎಂದು ಬರೆದಿದ್ದರು. ‘ಅಳೆದವರು ಯಾರು’ ಎಂದು ಬರೆದವರು ಕಡಿಮೆ. ಆ ಅಂಶಕ್ಕೆ ಇನ್ನೊಂದು ಚಟುವಟಿಕೆ ಬೇಕು. ಮೂರನೆಯ ಪ್ರಶ್ನೆಯ ಪತ್ರಗಳು ಒಂದೇ ಅಭಿಪ್ರಾಯದವಲ್ಲ. ಕೆಲವರು ಹೊಸ ಯಂತ್ರಗಳೇ ಬೇಕೆಂದು ಬರೆದರು, ಏಕೆಂದರೆ ಆನ್ ಆಗಲು ತುಂಬ ಹೊತ್ತು ಹಿಡಿಯುತ್ತದೆ. ಕೆಲವರು ಎರಡಕ್ಕೆ ಲಿನಕ್ಸ್ ಹಾಕಿ ನೋಡಲು ಕೋರಿದರು. ಕಾರಣ ಮತ್ತು ಆಧಾರ ಇದ್ದರೆ ಎರಡಕ್ಕೂ ಪೂರ್ಣ ಅಂಕ ಕೊಟ್ಟೆ. ಪತ್ರಗಳನ್ನು ಓದಿದ ಮುಖ್ಯ ಶಿಕ್ಷಕರು ಗುಜರಿ ಪಟ್ಟಿಯ ನಿರ್ಧಾರವನ್ನು ಶೈಕ್ಷಣಿಕ ವರ್ಷದ ಕೊನೆಯವರೆಗೆ ಮುಂದೂಡಿದ್ದಾರೆ. ಎರಡು ಯಂತ್ರಗಳನ್ನು ಪ್ರಯೋಗಕ್ಕೆ ಬಿಟ್ಟಿದ್ದಾರೆ.

ಇತರ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಸುರಪುರದ ಶಾಲೆಯೊಂದರಲ್ಲಿ ಇದೇ ಯೋಜನೆಯನ್ನು ನನ್ನ ಸಹಪಾಠಿ ಕಂಪ್ಯೂಟರ್ ಇಲ್ಲದೆ ಬೋಧಿಸಿದರು. ಮೂರನೇ ಅವಧಿಗೆ ಅವರು ಶಿಕ್ಷಕರ ಮೊಬೈಲ್‌ಗಳನ್ನು ಬಳಸಿ, ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ ಆವೃತ್ತಿ ಮತ್ತು ಕೊನೆಯ ಭದ್ರತಾ ಪರಿಷ್ಕರಣೆಯ ದಿನಾಂಕ ಬರೆಸಿದರು. ಪಾಠದ ಉದ್ದೇಶಕ್ಕೆ ಅದೂ ಸಾಲುತ್ತದೆ.

ಪ್ರಕಟಣೆಗಳ ಚೀಟಿಗಳನ್ನು ಪ್ರತಿ ವರ್ಷ ಹೊಸದಾಗಿ ಬರೆದುಕೊಳ್ಳಬೇಕು. ನಾಲ್ಕು ಕಾಲಂಗಳು ಹಾಗೆಯೇ ಇರಲಿ. ಯಾವ ಕಂಪನಿ ಉತ್ತಮ ಎಂಬ ಚರ್ಚೆಗೆ ತರಗತಿ ಜಾರಿದರೆ ‘ಯಾರ ಯಾವ ಕೆಲಸಕ್ಕೆ?’ ಎಂಬ ಪ್ರಶ್ನೆಗೆ ಮರಳಿ ತರಬೇಕು. ಪೆನ್‌ಡ್ರೈವ್ ಪ್ರಯೋಗಕ್ಕೆ ಮುನ್ನ ಯಂತ್ರದಲ್ಲಿರುವ ಕಡತಗಳ ಪ್ರತಿ ತೆಗೆದಿಡಬೇಕು, ಸ್ಥಾಪಿಸು ಎಂಬ ಗುಂಡಿಯನ್ನು ಮಕ್ಕಳು ಒತ್ತದಂತೆ ಪಕ್ಕದಲ್ಲೇ ಇರಬೇಕು. ಯಾದಗಿರಿಯಲ್ಲಿ ನಡೆದ ಪಾಠ ವಿಮರ್ಶೆಯಲ್ಲಿ ಉಪನ್ಯಾಸಕರು, ಎರಡನೇ ಅವಧಿಯನ್ನು ಎರಡಾಗಿ ಒಡೆದರೆ ಗುಂಪುಗಳ ಮಂಡನೆಗೆ ಸಮಯ ಸಿಗುತ್ತದೆ ಎಂದು ಸೂಚಿಸಿದರು. ಆ ಸೂಚನೆಯಂತೆ ನಾಲ್ಕು ಅವಧಿಗಳ ಯೋಜನೆಯನ್ನು ಸಿದ್ಧಪಡಿಸಿ ಮುಂದಿನ ತಿಂಗಳು 8ನೇ ತರಗತಿಗೆ ಬೋಧಿಸಲಿದ್ದೇನೆ.